ಹನ್ನೆರಡನೇ ಜಿಲ್ಲೆಯ ರೇಷನ್ ಲೆಕ್ಕ: ಹದಿಹರೆಯದವರ ಡಿಸ್ಟೋಪಿಯಾ ಕಾದಂಬರಿಗಳಲ್ಲಿ ಬಡತನ ಮತ್ತು ವರ್ಗ

ಒಂದು ಚೀಟಿಗೆ ಒಬ್ಬರ ಒಂದು ವರ್ಷದ ಕಾಳು ಮತ್ತು ಎಣ್ಣೆ. ಅದೂ ಹೊಟ್ಟೆ ತುಂಬುವಷ್ಟು ಸಿಗುವುದಿಲ್ಲ, ಜೀವ ನಿಲ್ಲುವಷ್ಟು ಮಾತ್ರ. ಅದಕ್ಕೆ ಬದಲಾಗಿ ಮಗು ಕೊಡಬೇಕಾದ್ದು, ಸಾವಿನ ಆಟಕ್ಕೆ ಮಕ್ಕಳನ್ನು ಎತ್ತುವ ಲಾಟರಿಯಲ್ಲಿ ತನ್ನ ಹೆಸರಿನ ಇನ್ನೊಂದು ಚೀಟಿ. ಸುಜಾನ್ ಕಾಲಿನ್ಸ್ 2008ರಲ್ಲಿ ಬರೆದ ‘ದಿ ಹಂಗರ್ ಗೇಮ್ಸ್’ ಒಂದು ಡಿಸ್ಟೋಪಿಯಾ ಕಾದಂಬರಿ, ಅಂದರೆ ಕೆಟ್ಟುಹೋದ ಮುಂದಿನ ಸಮಾಜವೊಂದನ್ನು ಕಲ್ಪಿಸುವ ಕತೆ. ಅದರಲ್ಲಿ ಈ ಏರ್ಪಾಡಿಗೆ ಟೆಸ್ಸರಾ ಎಂದು ಹೆಸರು. ಬಿಲ್ಲುಬಾಣ, ಉರಿಯುವ ಉಡುಪು, ಇಬ್ಬರು ಹುಡುಗರ ನಡುವೆ ಸಿಕ್ಕಿಕೊಂಡ ಹುಡುಗಿ, ಇವೆಲ್ಲ ಸಿನಿಮಾ ನೋಡಿದವರಿಗೂ ಗೊತ್ತು. ಕಾದಂಬರಿಯಲ್ಲಿ ಬಡತನ ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿಯಬೇಕಾದರೆ ಹಿಡಿಯಬೇಕಾದದ್ದು ಈ ಚೀಟಿಯ ಲೆಕ್ಕವನ್ನು.

ಲೆಕ್ಕ ಹೀಗಿದೆ. ಪ್ಯಾನೆಮ್ ಎಂಬ ದೇಶದಲ್ಲಿ ಕ್ಯಾಪಿಟಲ್ ಎಂಬ ರಾಜಧಾನಿ, ಅದರ ಕೈಕೆಳಗೆ 12 ಜಿಲ್ಲೆಗಳು. 12 ವರ್ಷ ತುಂಬಿದ ಮಗುವಿನ ಹೆಸರು ಡಬ್ಬಿಗೆ ಒಂದು ಸಲ ಬೀಳುತ್ತದೆ, 13ಕ್ಕೆ ಎರಡು, ಹೀಗೆ ಏರುತ್ತಾ 18ಕ್ಕೆ ಏಳು. ಇಷ್ಟು ಎಲ್ಲರಿಗೂ ಸಮ. ಮನೆಯಲ್ಲಿ ಕಾಳಿಲ್ಲದವರು ಮನೆಮಂದಿಯ ತಲೆಗೊಂದರಂತೆ ಹೆಚ್ಚುವರಿ ಚೀಟಿ ಹಾಕಿ ಕಾಳು ತರಬಹುದು. ಈ ಚೀಟಿಗಳೂ ವರ್ಷದಿಂದ ವರ್ಷಕ್ಕೆ ಕೂಡುತ್ತಾ ಹೋಗುತ್ತವೆ, ಹಳೆಯದು ತೀರುವುದಿಲ್ಲ. ಕಥಾನಾಯಕಿ ಕ್ಯಾಟ್ನಿಸ್ ತನಗೆ, ತಾಯಿಗೆ, ತಂಗಿಗೆ ಅಂತ ವರ್ಷಕ್ಕೆ ಮೂರು ಹೆಚ್ಚುವರಿ, ತನ್ನ ಕಡ್ಡಾಯದ್ದೊಂದು, ಒಟ್ಟು ನಾಲ್ಕು ಹಾಕುತ್ತಾಳೆ. 16ನೇ ವಯಸ್ಸಿಗೆ ಐದು ವರ್ಷವಾಗಿದೆ, 20 ಚೀಟಿ. ಗೆಳೆಯ ಗೇಲ್‌ನ ಮನೆಯಲ್ಲಿ ಐದು ಜನ. ಅವನದು ವರ್ಷಕ್ಕೆ ಆರು, ಏಳು ವರ್ಷಕ್ಕೆ 42. ಮೇಯರ್ ಮಗಳು ಮ್ಯಾಜ್ ಇದೇ ಊರಿನವಳು, ಕ್ಯಾಟ್ನಿಸ್‌ಳ ಓರಗೆಯವಳು. ಅವಳದು ಐದೇ ಚೀಟಿ. ಲಾಟರಿ ದಿನ ಅವಳು ತೊಟ್ಟ ಒಳ್ಳೆಯ ಬಟ್ಟೆ, ಅದಕ್ಕೆ ಚುಚ್ಚಿದ ಚಿನ್ನದ ಪಿನ್ನು ನೋಡಿ ಗೇಲ್ ಕುಟುಕುವುದು ಈ ಐದರ ಲೆಕ್ಕ ಹಿಡಿದೇ.

ಟೆಸ್ಸರಾ ಲೇಖಕಿ ಹುಟ್ಟಿಸಿದ ಪದ ಅಲ್ಲ. ಹಳೆಯ ರೋಮ್‌ನಲ್ಲಿ ಧಾನ್ಯ ವಿತರಣೆಗೆ ಕೊಡುತ್ತಿದ್ದ ಬಿಲ್ಲೆಗೆ ಇದೇ ಹೆಸರಿತ್ತು. ದೇಶದ ಹೆಸರಾದ ಪ್ಯಾನೆಮ್ ಕೂಡ ಲ್ಯಾಟಿನ್‌ನಲ್ಲಿ ರೊಟ್ಟಿ ಎಂಬ ಅರ್ಥದ ಪದ. ಜನಕ್ಕೆ ರೊಟ್ಟಿ ಮತ್ತು ಆಟ ಕೊಟ್ಟರೆ ಸಾಕು, ರಾಜಕೀಯ ಮರೆಯುತ್ತಾರೆ ಎಂದು ರೋಮನ್ ಕವಿ ಜುವೆನಲ್ ಮೂದಲಿಸಿದ್ದರಿಂದ ಎತ್ತಿಕೊಂಡದ್ದು. ಇನ್ನೊಂದು ಕಾಕತಾಳೀಯ: ಈ ಕಾದಂಬರಿ ಅಮೆರಿಕದಲ್ಲಿ ಪ್ರಕಟವಾದದ್ದು 2008ರ ಸೆಪ್ಟೆಂಬರ್ 14ರಂದು, ಲೇಮನ್ ಬ್ರದರ್ಸ್ ಬ್ಯಾಂಕ್ ದಿವಾಳಿ ಅರ್ಜಿ ಹಾಕಿದ್ದು ಮಾರನೇ ದಿನ, ಆರ್ಥಿಕ ಕುಸಿತ ಬಿಗಡಾಯಿಸಿದ್ದು ಅಲ್ಲಿಂದ. ಅಪ್ಪ ಅಮ್ಮನ ಕೆಲಸ ಹೋಗಿ ಮನೆ ಜಪ್ತಿಯಾದದ್ದನ್ನು ಕಂಡ ಹುಡುಗ ಹುಡುಗಿಯರ ಕೈಗೆ ಈ ಪುಸ್ತಕ ಸಿಕ್ಕಿತು. ಆಮೇಲಿನ ಏಳೆಂಟು ವರ್ಷ ಇಂಥವೇ ಸಾಲುಸಾಲು ಬಂದವು.

ಅವರೆಕಾಳಿನ ಡಬ್ಬಿ

ಚೀಟಿಯ ಲೆಕ್ಕವನ್ನು ಬಾಯಲ್ಲಿ ಹೇಳಿದರೆ ಪಿಯು ತರಗತಿಯಲ್ಲಿ ಯಾರೂ ತಲೆಗೆ ಹಾಕಿಕೊಳ್ಳುವುದಿಲ್ಲ. ಕೈಯಲ್ಲಿ ಮಾಡಿ ತೋರಿಸಬೇಕು. ಬೇಕಾದದ್ದು ಮುಚ್ಚಳವಿರುವ ಒಂದು ಸ್ಟೀಲ್ ಡಬ್ಬಿ, 190 ಒಣ ಅವರೆಕಾಳು, ಒಂದು ಮಾರ್ಕರ್ ಪೆನ್ನು. ನಲವತ್ತು ಮಕ್ಕಳ ಊರು ಎಂದುಕೊಳ್ಳಿ. ಅದರಲ್ಲಿ 10 ಮಕ್ಕಳು ಅಂಗಡಿ ಬೀದಿಯವರು, ಕಾಳಿಗೆ ಕೈಚಾಚಬೇಕಿಲ್ಲ. ಒಂದು ಅವರೆಕಾಳು ಅಂದರೆ ಒಂದು ಚೀಟಿ. ಅವರಿಗೆ ತಲೆಗೊಂದು, ಒಟ್ಟು 10. ಈ ಹತ್ತಕ್ಕೆ ಮಸಿಯಲ್ಲಿ ಗುರುತು ಹಾಕಿ. ಉಳಿದ 30 ಮಕ್ಕಳು ಗೇಲ್‌ನಂತೆ ಐದು ಜನರ ಮನೆಯವರು, ತಲೆಗೆ ಆರರಂತೆ 180 ಕಾಳು. 7 ಮತ್ತು 42ರ ಲೆಕ್ಕವನ್ನೇ ಏಳರಿಂದ ಭಾಗಿಸಿದ್ದು ಇದು, ಅನುಪಾತ ಬದಲಾಗುವುದಿಲ್ಲ. ಕಾದಂಬರಿಯಲ್ಲಿ ಹುಡುಗರಿಗೊಂದು, ಹುಡುಗಿಯರಿಗೊಂದು ಬೇರೆ ಬೇರೆ ಪಾತ್ರೆ ಇರುತ್ತವೆ. ನಮಗೆ ಒಂದು ಸಾಕು.

ಕಣ್ಣುಮುಚ್ಚಿ ಒಂದು ಕಾಳು ತೆಗೆಯುವುದು, ಗುರುತು ಇದೆಯೋ ಇಲ್ಲವೋ ಬೋರ್ಡಿನ ಮೇಲೆ ಬರೆಯುವುದು, ಕಾಳನ್ನು ಮತ್ತೆ ಡಬ್ಬಿಗೆ ಹಾಕಿ ಕುಲುಕುವುದು. ಹೀಗೆ 40 ಸಲ. ಚೀಟಿ ಸಮನಾಗಿದ್ದರೆ ನಾಲ್ಕರಲ್ಲೊಂದು ಪಾಲಿನ ಅಂಗಡಿ ಮಕ್ಕಳು ಸುಮಾರು 10 ಸಲ ಬರಬೇಕು. ಈ ಡಬ್ಬಿಯಲ್ಲಿ ಅವರು ಬರುವುದು ಸರಾಸರಿ ಎರಡೇ ಸಲ. ಒಮ್ಮೊಮ್ಮೆ ಒಂದು ಸಲವೂ ಬರುವುದಿಲ್ಲ.

ಪ್ರಯೋಗ ಕೆಡುವುದು ಮೂರು ಕಡೆ. ಗುರುತಿಗೆ ಬೇರೆ ಜಾತಿಯ ಕಾಳು, ತೊಗರಿಯನ್ನೋ ಅಲಸಂದೆಯನ್ನೋ ಬಳಸಿದರೆ ಬೆರಳು ದಪ್ಪ ಕಾಳನ್ನೇ ಹುಡುಕಿ ಹಿಡಿಯುತ್ತದೆ. ಹಾಗಾಗಿ ಎಲ್ಲವೂ ಒಂದೇ ಗಾತ್ರದ ಅವರೆಯೇ ಆಗಬೇಕು. ಎರಡನೆಯದು, ತೆಗೆದ ಕಾಳನ್ನು ಮೇಲೆ ಹಾಕಿ ಕುಲುಕದೆ ಬಿಟ್ಟರೆ ಅದೇ ಮತ್ತೆ ಕೈಗೆ ಬರುತ್ತದೆ. ಇನ್ನು ಮಸಿ ಒಣಗುವ ಮುಂಚೆ ಡಬ್ಬಿಗೆ ಹಾಕಿದರೆ ಗುರುತು ಎಲ್ಲಕ್ಕೂ ಮೆತ್ತಿಕೊಂಡು ಊರೆಲ್ಲ ಅಂಗಡಿ ಬೀದಿಯಾಗುತ್ತದೆ.

ಮುಖ್ಯವಾದದ್ದು ಇನ್ನು ಮುಂದಿದೆ. ಎಲ್ಲರೂ ಒಂದೊಂದೇ ಕಾಳು ಹಾಕಿದ್ದರೆ ಒಬ್ಬೊಬ್ಬರಿಗೆ ಇರುತ್ತಿದ್ದ ಅಪಾಯ 40ರಲ್ಲಿ 1, ಅಂದರೆ ಶೇ. 2.5. ಈಗ ಬಡ ಮಗುವಿನದು 190ರಲ್ಲಿ 6, ಸುಮಾರು ಶೇ. 3.2. ಅಂಗಡಿ ಮಗುವಿನದು 190ರಲ್ಲಿ 1, ಸುಮಾರು ಶೇ. 0.5. ಬಡ ಮಗುವಿನ ಅಪಾಯ ಸ್ವಲ್ಪವೇ ಏರಿದಂತೆ ಕಾಣುತ್ತದೆ, ಅಂಗಡಿ ಮಗುವಿನದು ಐದರಲ್ಲೊಂದು ಭಾಗಕ್ಕೆ ಇಳಿದಿದೆ. ಅವನು ಇದಕ್ಕಾಗಿ ಏನೂ ಮಾಡಿಲ್ಲ. ಯಾರ ಕಾಳನ್ನೂ ಕದ್ದಿಲ್ಲ, ಯಾರನ್ನೂ ಬೈದಿಲ್ಲ. ಪಕ್ಕದ ಬೀದಿಯವರ ಹಸಿವು ಅವನ ತಲೆಯ ಮೇಲಿನ ಭಾರವನ್ನು ಇಳಿಸಿಕೊಟ್ಟಿದೆ.

ಲೆಕ್ಕ ಬಲ್ಲ ಹುಡುಗಿಯೊಬ್ಬಳಾದರೂ ಇಲ್ಲಿ ಕೇಳಬೇಕು: ಅಂಗಡಿಯವರೂ ಆರಾರು ಚೀಟಿ ಹಾಕಿದರೆ? ಆಗ 240ರಲ್ಲಿ 6, ಮತ್ತೆ ಶೇ. 2.5. ಎಲ್ಲರೂ ಕಾಳು ತೆಗೆದುಕೊಂಡರೆ ಕಾಳಿಗೆ ಬೆಲೆಯೇ ಇಲ್ಲ, ಪುಕ್ಕಟೆ! ಕ್ಯಾಪಿಟಲ್‌ಗೆ ವರ್ಷಕ್ಕೆ ಬೇಕಾದದ್ದು ಜಿಲ್ಲೆಗೆ ಇಬ್ಬರೇ ಮಕ್ಕಳು, ಚೀಟಿ ಎಷ್ಟು ಹೆಚ್ಚಿದರೂ ಅದಕ್ಕೆ ಮೂರನೆಯ ಮಗು ಸಿಗುವುದಿಲ್ಲ. ಹಾಗಿದ್ದರೆ ಅಷ್ಟು ಕಾಳು ಕೊಟ್ಟು ಅದು ಕೊಂಡದ್ದಾದರೂ ಏನನ್ನು? ಒಂದೇ ಊರಿನ ಎರಡು ಬೀದಿಗಳ ನಡುವಿನ ಹಗೆಯನ್ನು. ಕಾಡಿನಲ್ಲಿ ಗೇಲ್ ಕೂಗಾಡುವುದೂ ಇದನ್ನೇ, ಅವನು ಲೆಕ್ಕ ಬಿಡಿಸಿ ಹೇಳುವುದಿಲ್ಲ ಅಷ್ಟೆ.

ಏನೂ ಇಲ್ಲದಿರುವುದೇ ಬಡತನ ಎಂದು ಮುಗಿಸುವ ಕಾದಂಬರಿಗಳು ಬೇಕಾದಷ್ಟಿವೆ: ಹರಿದ ಬಟ್ಟೆ, ತೆಳು ಗಂಜಿ, ಸೋರುವ ಸೂರು. ಅಪಾಯ ಯಾರ ತಲೆಯಿಂದ ಇಳಿದು ಯಾರ ತಲೆಗೆ ಏರಿತು ಎಂದು ತೋರಿಸುವವು ಕಡಿಮೆ. ಈ ಪ್ರಕಾರದಲ್ಲಿ ಗಟ್ಟಿ ಯಾವುದು ಜೊಳ್ಳು ಯಾವುದು ಎಂದು ಕೇರಲು ಇದಕ್ಕಿಂತ ಒಳ್ಳೆಯ ಮೊರ ಇಲ್ಲ.

ಬಡವರೊಳಗಿನ ಗೋಡೆ

ಹನ್ನೆರಡನೇ ಜಿಲ್ಲೆಯಲ್ಲಿ ಎರಡು ಬಗೆಯ ಜನ. ಸೀಮ್ ಎಂಬ ಕೇರಿಯಲ್ಲಿ ಕಲ್ಲಿದ್ದಲು ಗಣಿಯವರು, ಪೇಟೆಯಲ್ಲಿ ಅಂಗಡಿಯವರು. ಕೇರಿಯಿಂದ ನೋಡಿದರೆ ಪೇಟೆಯವರು ಸುಖಿಗಳು. ಆದರೆ ಬೇಕರಿಯವನ ಮಗ ಪೀಟಾ ತಿನ್ನುವುದು ಯಾರೂ ಕೊಳ್ಳದೆ ಒಣಗಿ ಗಟ್ಟಿಯಾದ ಬ್ರೆಡ್ಡು ಎಂದು ಕ್ಯಾಟ್ನಿಸ್‌ಗೆ ಆಮೇಲೆ ತಿಳಿಯುತ್ತದೆ. ಕೋಲಾರದ ಟೊಮೆಟೊ ಬೆಳೆಗಾರರ ಮನೆಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಳ್ಳೆ ಹಣ್ಣು ಬಾಕ್ಸಿಗೆ ಹೋಗಿ ಮಂಡಿಗೆ, ಒಡೆದದ್ದು ಮನೆಯ ಸಾರಿಗೆ.

ಬಡವರೊಳಗೇ ಏಳುವ ಈ ಗೋಡೆಗೆ ನಮ್ಮ ಸೀಮೆಯ ಹೊಸ ಉದಾಹರಣೆ ಪಾವಗಡ. ತಿರುಮಣಿ, ವಳ್ಳೂರು ಸೇರಿ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್‌ನ ಸೋಲಾರ್ ಪಾರ್ಕ್ ಇದೆ. ಜಮೀನನ್ನು ಕೊಂಡುಕೊಳ್ಳದೆ ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ. 5 ಏರಿಕೆ. ಮಳೆ ಕೈಕೊಟ್ಟರೆ ಕಡಲೆಕಾಯಿಯ ಬೀಜದ ದುಡ್ಡೂ ಹುಟ್ಟದ ಆ ನೆಲದಲ್ಲಿ ಐದೆಕರೆಯವನಿಗೆ ಮೊದಲ ವರ್ಷವೇ 1,05,000 ರೂಪಾಯಿ ಖಚಿತ ಆದಾಯ. ಅದೇ ಹೊಲದಲ್ಲಿ ಕಳೆ ಕೀಳುತ್ತಿದ್ದ, ಕಡಲೆಕಾಯಿ ಬಿಡಿಸುತ್ತಿದ್ದ ಭೂಮಿ ಇಲ್ಲದ ಕೂಲಿಯವಳಿಗೆ ಗುತ್ತಿಗೆ ಪತ್ರದಲ್ಲಿ ಹೆಸರೇ ಇಲ್ಲ. ಹೊಲ ಹೋಯಿತು, ಜೊತೆಗೆ ಕೂಲಿಯೂ ಹೋಯಿತು. ಪಾರ್ಕಿನೊಳಗೆ ಹುಲ್ಲು ಕೊಯ್ಯುವ, ಪ್ಯಾನೆಲ್ ತೊಳೆಯುವ ಕೆಲಸ ಕೆಲವರಿಗೆ ಸಿಕ್ಕಿತು. ಬರದ ಅಪಾಯ ಐದೆಕರೆಯವನ ತಲೆಯಿಂದ ಇಳಿಯಿತು, ಕೂಲಿಯವಳ ತಲೆಯ ಮೇಲೆ ಕೂತೇ ಇತ್ತು. ಇದರಲ್ಲಿ ಖಳನಾಯಕ ಯಾರೂ ಇಲ್ಲ ಎಂಬುದನ್ನು ಗಮನಿಸಿ, ಡಿಸ್ಟೋಪಿಯಾ ಬರೆಯುವವರಿಗೆ ಇದು ಮುಖ್ಯ.

ಸಂಘದ ಸಾಲವೂ ಹೀಗೇ. ಹತ್ತು ಹೆಂಗಸರ ಗುಂಪಿಗೆ ಸಾಲ, ಒಬ್ಬಳು ಕಂತು ಕಟ್ಟದಿದ್ದರೆ ಉಳಿದವರ ತಲೆಗೆ. ವಸೂಲಿಗೆ ಬಂದವನು ಬಾಯಿ ಬಿಡಬೇಕಾಗಿಯೇ ಇಲ್ಲ, ಕಂತಿನ ದಿನ ಜಗಲಿಯ ಮೇಲೆ ಕೂತರೆ ಸಾಕು, ಬೈಗುಳವನ್ನೆಲ್ಲ ಪಕ್ಕದ ಮನೆಯವಳೇ ಬೈಯುತ್ತಾಳೆ. 2009ರಲ್ಲಿ ಕೋಲಾರದಲ್ಲಿ ಕಿರುಸಾಲದ ಮರುಪಾವತಿ ನಿಂತುಹೋಗಿ ದೇಶವೆಲ್ಲ ಸುದ್ದಿಯಾಗಿತ್ತು. ಬಲವಂತದ ವಸೂಲಿ ತಡೆಯಲು ರಾಜ್ಯ ಸರ್ಕಾರ 2025ರಲ್ಲಿ ಸುಗ್ರೀವಾಜ್ಞೆ ತಂದಿತು. ಟೆಸ್ಸರಾ ಅರ್ಥವಾಗದ ಓದುಗರಿಗೆ ಕಂತಿನ ಪುಸ್ತಕ ತೋರಿಸಿದರೆ ಅರ್ಥವಾಗುತ್ತದೆ.

ಹಾಗೆಂದು ಸೊಸೈಟಿ ಅಂಗಡಿಯ ರೇಷನ್ನನ್ನೇ ಟೆಸ್ಸರಾ ಎನ್ನುವುದು ತಪ್ಪು. ಮಕ್ಕಳು ಮೊದಲು ಮಾಡುವ ಹೋಲಿಕೆಯೇ ಅದು. ಆಹಾರ ಭದ್ರತಾ ಕಾಯ್ದೆಯ ಅಕ್ಕಿ ಹಕ್ಕಿನಿಂದ ಬರುವಂಥದ್ದು, ಹೆಬ್ಬೆಟ್ಟು ಒತ್ತಿದ ಮೇಲೆ ಇನ್ನೇನನ್ನೂ ಒತ್ತೆ ಇಡಬೇಕಿಲ್ಲ. ಎರಡನ್ನೂ ಒಂದೇ ತಕ್ಕಡಿಗೆ ಹಾಕಿದರೆ ಕಾದಂಬರಿಯೂ ಕೆಡುತ್ತದೆ, ಹಕ್ಕೂ ಹಗುರವಾಗುತ್ತದೆ.

ಕಲ್ಲಿದ್ದಲು ಅಗೆದವರ ಮನೆಯಲ್ಲಿ ಕತ್ತಲೆ

ಹನ್ನೆರಡನೇ ಜಿಲ್ಲೆ ದೇಶಕ್ಕೆ ಕಲ್ಲಿದ್ದಲು ಕೊಡುತ್ತದೆ, ಅಲ್ಲಿಯ ಮನೆಗಳಿಗೆ ಕರೆಂಟು ಬರುವುದು ಸಂಜೆ ಎರಡು ಮೂರು ಗಂಟೆ. ಊರ ಸುತ್ತಲ ಬೇಲಿಯಲ್ಲಿ ದಿನವಿಡೀ ವಿದ್ಯುತ್ ಹರಿಯಬೇಕು, ಹರಿಯುವುದಿಲ್ಲ. ಅದಕ್ಕೇ ಕ್ಯಾಟ್ನಿಸ್ ನುಸುಳಿಕೊಂಡು ಕಾಡಿಗೆ ಹೋಗಿ ಬೇಟೆಯಾಡಬಲ್ಲಳು. ವ್ಯವಸ್ಥೆಯ ಜಿಪುಣತನವೇ ಅವಳಿಗೆ ಬದುಕುವ ಸಂದು. ಹನ್ನೊಂದನೇ ಜಿಲ್ಲೆಯದು ಕೃಷಿ. ಬೆಳೆದ ಹಣ್ಣನ್ನು ಕದ್ದು ತಿಂದರೆ ಊರೆದುರು ಛಡಿಯೇಟು.

ಕೆಜಿಎಫ್ ಚರಿತ್ರೆ ಬಲ್ಲವರಿಗೆ ಇದು ಕಟ್ಟುಕತೆ ಅನ್ನಿಸುವುದಿಲ್ಲ. ಶಿವನಸಮುದ್ರದಲ್ಲಿ ಉತ್ಪಾದಿಸಿದ ವಿದ್ಯುತ್ತು 1902ರಲ್ಲಿ ಸುಮಾರು 147 ಕಿಲೋಮೀಟರ್ ತಂತಿಯ ಮೇಲೆ ಚಿನ್ನದ ಗಣಿಗೆ ಬಂತು. ಬೆಂಗಳೂರಿಗೆ ದೀಪ ಬಂದದ್ದೇ ಮೂರು ವರ್ಷ ತಡವಾಗಿ, 1905ರಲ್ಲಿ. ಆ ತಂತಿ ದಾಟಿ ಬಂದ ಹಳ್ಳಿಗಳ ಮನೆಗಳಲ್ಲಿ ಬುಡ್ಡಿದೀಪ ಉರಿಯುತ್ತಲೇ ಇತ್ತು. ಗಣಿ ಪ್ರದೇಶದಲ್ಲಿ ಒಂದು ಕಡೆ ಯುರೋಪಿಯನ್ನರ ಬಂಗಲೆ, ಕ್ಲಬ್ಬು. ಇನ್ನೊಂದು ಕಡೆ ಕಾರ್ಮಿಕರ ಲೈನ್ ಮನೆಗಳು. ಲೈನಿನವರಲ್ಲಿ ಬಹುಪಾಲು ತಮಿಳು ಸೀಮೆಯಿಂದ ಬಂದ ದಲಿತರು. ಇಳಿಯಬೇಕಿದ್ದ ಆಳ ಕೊನೆಕೊನೆಗೆ ಮೂರು ಕಿಲೋಮೀಟರ್ ಮೀರಿತ್ತು. ಬಂಡೆ ತಾನೇ ಸಿಡಿಯುವ ರಾಕ್‌ಬರ್ಸ್ಟ್ ಅಲ್ಲಿಯ ನಿತ್ಯದ ಭಯ. 1930ರಲ್ಲಿ ಗಣಿ ಕಾರ್ಮಿಕರು ಮುಷ್ಕರ ಹೂಡಿದ್ದು ಬೆರಳಚ್ಚು ನೋಂದಣಿಯ ವಿರುದ್ಧ. ಹದಿಹರೆಯದ ಡಿಸ್ಟೋಪಿಯಾ ಬರೆಯುವವರು ಇದಕ್ಕಿಂತ ಒಳ್ಳೆಯ ದೃಶ್ಯ ಕಲ್ಪಿಸಲಾರರು. ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು, ಸೈನೈಡ್ ಬೆರೆತ ಗಣಿ ಕಸದ ಗುಡ್ಡಗಳು ಉಳಿದವು.

ಕಾದಂಬರಿಯ ಒಂದು ಸಣ್ಣ ವಿವರ ಇಲ್ಲಿಗೆ ಕೂಡುತ್ತದೆ. ಕ್ಯಾಟ್ನಿಸ್‌ಳ ಅಪ್ಪ ಗಣಿ ಸ್ಫೋಟದಲ್ಲಿ ಸತ್ತದ್ದು ಜನವರಿಯಲ್ಲಿ. ಪರಿಹಾರ ಅಂತ ಬಂದ ಹಣ ಒಂದು ತಿಂಗಳ ಸೂತಕಕ್ಕೆ ಸರಿಹೋಗುವಷ್ಟು. ಅವಳಿಗೆ 12 ತುಂಬಿ ಟೆಸ್ಸರಾ ಪಡೆಯುವ ಅರ್ಹತೆ ಬರುವುದು ಮೇ 8ಕ್ಕೆ. ನಡುವಿನ ಈ ಅಂತರದಲ್ಲೇ ಮನೆ ಸಾವಿನ ಅಂಚಿಗೆ ಹೋಗುತ್ತದೆ. ಪರಿಹಾರ ಮುಗಿದ ದಿನಕ್ಕೂ ಅರ್ಹತೆ ಹುಟ್ಟುವ ದಿನಕ್ಕೂ ನಡುವೆ ಎಷ್ಟು ದಿನ ಎಂದು ಎಣಿಸುವುದು ಬಡತನವನ್ನು ಬಲ್ಲ ಲೇಖಕರ ಲಕ್ಷಣ. ಆ ಜಿಲ್ಲೆಯಲ್ಲಿ ಯಾರೂ ಹಸಿವಿನಿಂದ ಸತ್ತರೆಂದು ದಾಖಲೆಯಲ್ಲಿ ಬರೆಯುವುದಿಲ್ಲ, ಜ್ವರ ಅಥವಾ ನ್ಯುಮೋನಿಯಾ ಎಂದಿರುತ್ತದೆ. ಕಡತದ ಭಾಷೆ ಎಲ್ಲ ದೇಶದಲ್ಲೂ ಒಂದೇ ಇರಬೇಕು.

ಕ್ಯಾಪಿಟಲ್ ಅಂದರೆ ಬೆಂಗಳೂರು, ಜಿಲ್ಲೆ ಅಂದರೆ ನಾವು ಎಂದು ಹೇಳಿಬಿಡುವುದು ಸುಲಭ, ಅರ್ಧ ನಿಜ ಕೂಡ. ಹಾಲು, ತರಕಾರಿ, ರೇಷ್ಮೆ, ಮಾವು ಅತ್ತ ಹೋಗುತ್ತವೆ. ಇತ್ತ ಬಂದದ್ದು ಕೆ.ಸಿ. ವ್ಯಾಲಿ ಯೋಜನೆಯ ನೀರು: ಬೆಂಗಳೂರಿನ ಕೊಳಚೆಯನ್ನು ಎರಡು ಹಂತದಲ್ಲಿ ಶುದ್ಧೀಕರಿಸಿ ದಿನಕ್ಕೆ 44 ಕೋಟಿ ಲೀಟರ್‌ವರೆಗೆ ಕೋಲಾರದ ಕೆರೆಗಳಿಗೆ ಹರಿಸುವ ಯೋಜನೆ. 2018ರಲ್ಲಿ ನೀರು ಬಂದ ಕೆಲವೇ ದಿನಕ್ಕೆ ಕೆರೆಯಲ್ಲಿ ನೊರೆ ಎದ್ದು ವಿಷಯ ಹೈಕೋರ್ಟ್ ಮೆಟ್ಟಿಲೇರಿತು. ಮೂರನೇ ಹಂತದ ಶುದ್ಧೀಕರಣ ಬೇಕೆಂಬ ಕೂಗು ನಿಂತಿಲ್ಲ. ಅದೇ ನೀರಿನಿಂದ ಒಣಗಿದ್ದ ಬೋರ್‌ವೆಲ್‌ಗಳಲ್ಲಿ ನೀರು ಕಂಡ ರೈತರೂ ಇದ್ದಾರೆ, ಅವರನ್ನು ಬಿಟ್ಟು ಕತೆ ಹೇಳಿದರೆ ಅದು ಭಾಷಣವಾಗುತ್ತದೆ. ಇನ್ನೊಂದು ತೊಡಕು ಬೇಲಿಯದು. ಪ್ಯಾನೆಮ್‌ನಲ್ಲಿ ಜಿಲ್ಲೆಯಿಂದ ಜಿಲ್ಲೆಗೆ ಹೋಗುವಂತಿಲ್ಲ. ಇಲ್ಲಿ ಮಾರಿಕುಪ್ಪಂನಿಂದ ಬೆಳಗಿನ ಜಾವ ಹೊರಡುವ ರೈಲು ಬಂಗಾರಪೇಟೆ ದಾಟುವ ಹೊತ್ತಿಗೆ ಕಾಲಿಡಲು ಜಾಗವಿರುವುದಿಲ್ಲ. ನಮ್ಮ ಬೇಲಿ ಸೀಸನ್ ಪಾಸಿನ ರೂಪದಲ್ಲಿದೆ: ರಾಜಧಾನಿಗೆ ದಿನವೂ ಹೋಗಬಹುದು, ರಾತ್ರಿ ಉಳಿಯುವಷ್ಟು ಬಾಡಿಗೆ ಕಟ್ಟಲಾಗುವುದಿಲ್ಲ. ಯಾರಾದರೂ ಈ ರೈಲಿನ ಡಿಸ್ಟೋಪಿಯಾ ಬರೆಯಬೇಕು.

ಮೈಯೇ ಬಂಡವಾಳ

ದುಡಿಮೆಯನ್ನು ಇಡೀ ಪ್ರಕಾರದಲ್ಲಿ ಅತ್ಯಂತ ಹತ್ತಿರದಿಂದ ತೋರಿಸಿದ್ದು, ನನ್ನ ಮಟ್ಟಿಗೆ, ಪಾವೊಲೊ ಬಾಚಿಗಲುಪಿ 2010ರಲ್ಲಿ ಬರೆದ ‘ಶಿಪ್ ಬ್ರೇಕರ್’. ಹಂಗರ್ ಗೇಮ್ಸ್‌ನಷ್ಟು ಓದುಗರು ಅದಕ್ಕೆ ಸಿಗಲಿಲ್ಲ, ಅನ್ಯಾಯ. ಸಮುದ್ರ ತೀರದಲ್ಲಿ ಕೆಟ್ಟು ನಿಂತ ಹಳೆಯ ತೈಲ ಹಡಗುಗಳನ್ನು ಒಡೆಯುವ ಜನ. ನೇಲರ್ ಎಂಬ ಹುಡುಗ ಲೈಟ್ ಕ್ರ್ಯೂ ಎಂಬ ಮಕ್ಕಳ ತಂಡದಲ್ಲಿದ್ದಾನೆ. ಕಿರಿದಾದ ಕೊಳವೆಗಳಲ್ಲಿ ತೆವಳಿ ತಾಮ್ರದ ತಂತಿ ಕಿತ್ತು ತರುವುದು, ದಿನದ ಕೋಟಾ ಮುಟ್ಟಿಸುವುದು ಕೆಲಸ. ಅವನ ದೊಡ್ಡ ಹೆದರಿಕೆ ತಾನು ಬೆಳೆಯುವುದು. ಮೈ ದಪ್ಪವಾದರೆ ಕೊಳವೆಯಲ್ಲಿ ಹಿಡಿಸುವುದಿಲ್ಲ, ದೊಡ್ಡವರ ಹೆವಿ ಕ್ರ್ಯೂಗೆ ಸೇರುವಷ್ಟು ಬಲ ಬಂದಿರುವುದಿಲ್ಲ, ಆಗ ಊಟವಿಲ್ಲ. ಬೆಳೆಯುವ ಮಗುವಿಗೆ ಬೆಳವಣಿಗೆಯೇ ಶತ್ರು. ಅವನು ಎಣ್ಣೆಯ ಗುಂಡಿಗೆ ಬಿದ್ದು ಮುಳುಗುವಾಗ ಜೊತೆಗಾತಿಯೊಬ್ಬಳು ನೋಡಿ, ಯೋಚಿಸಿ, ಬಿಟ್ಟು ಹೋಗುತ್ತಾಳೆ. ಅವಳು ಕೆಟ್ಟವಳೆಂದು ತೀರ್ಪು ಕೊಡುವ ಓದುಗರು ಆ ಅಧ್ಯಾಯವನ್ನು ಇನ್ನೊಮ್ಮೆ ಓದಬೇಕು. ಅವನ ಜಾಗ ಖಾಲಿಯಾದರೆ ಮಾತ್ರ ಅವಳಿಗೆ ಜಾಗ.

ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವ ಮನೆಯ ಬಿಸಿನೀರಿನ ಬಾಣಲೆಯನ್ನು ಕಂಡವರಿಗೆ ಇದು ದೂರದ ಮಾತಲ್ಲ. ಬೆಂದ ಗೂಡುಗಳ ನಡುವೆ ಬೆರಳಾಡಿಸಿ ಎಳೆಯ ತುದಿ ಹಿಡಿಯಬೇಕು. ಕಣ್ಣಿಗಿಂತ ಬೆರಳ ತುದಿಗೇ ಎಳೆ ಬೇಗ ಗೊತ್ತಾಗುತ್ತದೆ, ಆದ್ದರಿಂದ ಕೈಗವಸು ಹಾಕಿ ಮಾಡುವ ಕೆಲಸವಲ್ಲ. ದಿನವಿಡೀ ನೀರಲ್ಲಿ ನೆನೆದು ಚರ್ಮ ಬೆಳ್ಳಗಾಗಿ ಸುಲಿಯುತ್ತದೆ, ಸಂಜೆ ಮುದ್ದೆ ಮುರಿಯುವಾಗ ಬಿಸಿ ತಾಗಿದರೆ ಉರಿ. ರೇಷ್ಮೆಯ ನಯ ಬೆರಳಿನ ನಯವನ್ನು ತಿಂದು ಬರುವಂಥದ್ದು. ಇಂಥ ಒಂದು ವಿವರ ಹಿಡಿಯದ ಡಿಸ್ಟೋಪಿಯಾದಲ್ಲಿ ಕಾರ್ಮಿಕರು ಬರೀ ಬೂದು ಬಟ್ಟೆಯ ಗುಂಪಾಗಿ ಉಳಿಯುತ್ತಾರೆ.

ಪರೀಕ್ಷೆ, ರಕ್ತ, ಜಾತಿ

ವರ್ಗವನ್ನು ಪರೀಕ್ಷೆಯ ಹೆಸರಲ್ಲಿ ಹಂಚುವ ಕಾದಂಬರಿಗಳದ್ದು ಇನ್ನೊಂದು ದಾರಿ. ವೆರೋನಿಕಾ ರಾತ್ ಅವರ ‘ಡೈವರ್ಜೆಂಟ್’ (2011) ಕಾದಂಬರಿಯಲ್ಲಿ ಐದು ಬಣಗಳು, 16ಕ್ಕೆ ಆಯ್ಕೆ. ಬಣದ ತರಬೇತಿಯಲ್ಲಿ ಸೋತವರು ಯಾವ ಬಣಕ್ಕೂ ಸೇರದವರಾಗಿ ಕಸ ಎತ್ತುವ, ಬಸ್ಸು ಓಡಿಸುವ ಕೆಲಸಕ್ಕೆ ಬೀಳುತ್ತಾರೆ. ಇಲ್ಲಿಯ ದೋಷ ಸ್ಪಷ್ಟ: ಬಡತನ ಸೋಲಿಗೆ ಸಿಕ್ಕ ಶಿಕ್ಷೆಯಂತೆ ಕಾಣುತ್ತದೆ, ಬಡವರಾಗಿಯೇ ಹುಟ್ಟಿದವರ ಕತೆ ಅಂಚಿನಲ್ಲೇ ಉಳಿಯುತ್ತದೆ. ಅದೇ ವರ್ಷ ಬಂದ ಮೇರಿ ಲೂ ಅವರ ‘ಲೆಜೆಂಡ್’ ಹೆಚ್ಚು ಚುರುಕು. ಹತ್ತನೇ ವಯಸ್ಸಿಗೆ 1500 ಅಂಕದ ಪರೀಕ್ಷೆ. ಕೇರಿಯ ಹುಡುಗ ಡೇ ಫೇಲು, ಸಿರಿವಂತ ಹುಡುಗಿ ಜೂನ್ 1500ಕ್ಕೆ 1500. ಕೊನೆಗೆ ಬಯಲಾಗುವುದು ಡೇ ಕೂಡ 1500 ತೆಗೆದಿದ್ದನೆಂದು. ಅಂಕಪಟ್ಟಿಯನ್ನೇ ತಿದ್ದಿದ್ದರು. ನಮ್ಮಲ್ಲಿ ಅಂಕಪಟ್ಟಿ ತಿದ್ದುವ ಅಗತ್ಯವೂ ಬೀಳುವುದಿಲ್ಲ, ಕೋಚಿಂಗ್ ಫೀಸೇ ಆ ಕೆಲಸ ಮಾಡುತ್ತದೆ.

ವಿಕ್ಟೋರಿಯಾ ಅವೆಯಾರ್ಡ್ ಅವರ ‘ರೆಡ್ ಕ್ವೀನ್’ (2015) ಹುಟ್ಟಿನ ಮಾತಿಗೆ ಬರುತ್ತದೆ. ಬೆಳ್ಳಿ ರಕ್ತದವರು ಆಳುವವರು, ಅವರಿಗೆ ಮಾಯಾಶಕ್ತಿ. ಕೆಂಪು ರಕ್ತದವರು ದುಡಿಯುವವರು, 18ಕ್ಕೆ ಕಸುಬು ಸಿಗದಿದ್ದರೆ ಯುದ್ಧಕ್ಕೆ. ಜಾತಿಗೆ ಇಷ್ಟು ಹತ್ತಿರ ಬಂದವು ಕಡಿಮೆ. ಅಲ್ಲೇ ಎಡವುವುದೂ ಸಹ: ಕೆಂಪು ರಕ್ತದ ನಾಯಕಿಗೆ ಬೆಳ್ಳಿಯವರ ಶಕ್ತಿ ಇದೆಯೆಂದು ತಿಳಿದು ಅವಳು ಅರಮನೆ ಸೇರುತ್ತಾಳೆ. ಕೇರಿಯವಳು ಗೆಲ್ಲಬೇಕಾದರೆ ಅವಳು ನಿಜಕ್ಕೂ ಕೇರಿಯವಳಾಗಿರಬಾರದು! ನಮ್ಮ ಹಳೆಯ ಸಿನಿಮಾಗಳಲ್ಲಿ ಕೂಲಿ ಹುಡುಗ ಕೊನೆಯ ರೀಲಿನಲ್ಲಿ ಜಮೀನ್ದಾರರ ಕಳೆದುಹೋದ ಮಗನಾಗುತ್ತಿದ್ದನಲ್ಲ, ಅದೇ ಹಳೆ ಸರಕು.

ರಕ್ತದ ಬಣ್ಣ ಕಣ್ಣಿಗೆ ಕಾಣುತ್ತದೆ, ಜಾತಿ ಹಾಗೆ ಕಾಣದು. ಅದನ್ನು ಊರ ನಕ್ಷೆಯಲ್ಲಿ ಓದಬೇಕು: ಕೇರಿ ಯಾವ ದಿಕ್ಕಿಗೆ, ಬೋರ್‌ವೆಲ್ ಯಾರ ಹೊಲದಲ್ಲಿ, ಹೋಟೆಲಿನಲ್ಲಿ ಲೋಟ ಯಾವುದು. 2011ರ ಜನಗಣತಿಯಂತೆ ಕೋಲಾರ ಜಿಲ್ಲೆಯ ಜನರಲ್ಲಿ ಶೇ. 30ರಷ್ಟು ಪರಿಶಿಷ್ಟ ಜಾತಿಯವರು. ಈ ಜಿಲ್ಲೆಯಲ್ಲಿ ಕೂತು ಬರೆದ ಡಿಸ್ಟೋಪಿಯಾದಲ್ಲಿ ಬಡವರಿದ್ದು ಕೇರಿ ಇಲ್ಲದಿದ್ದರೆ ಲೇಖಕರು ಅಮೆರಿಕದ ಪುಸ್ತಕ ನೋಡಿ ನಕಲು ಮಾಡಿದ್ದಾರೆ ಎಂದೇ ಅರ್ಥ.

ಬಿದ್ದ ಸಿರಿವಂತರ ಬಡತನವೂ ಒಂದು ಬಗೆ. ಕಾಲಿನ್ಸ್ 2020ರಲ್ಲಿ ಬರೆದ ‘ದಿ ಬ್ಯಾಲಡ್ ಆಫ್ ಸಾಂಗ್‌ಬರ್ಡ್ಸ್ ಅಂಡ್ ಸ್ನೇಕ್ಸ್’ ಮುಂದೆ ಸರ್ವಾಧಿಕಾರಿ ಆಗಲಿರುವ ಹುಡುಗನ ಮನೆಯಲ್ಲಿ ಎಲೆಕೋಸು ಬೇಯುವುದರಿಂದ ಶುರುವಾಗುತ್ತದೆ. ಅವನಿಗೆ ಹಸಿವಿಗಿಂತ ಆ ವಾಸನೆ ಬಟ್ಟೆಗೆ ಅಂಟೀತೆಂಬ ಭಯ. ಹಳೆಯ ಶರಟಿಗೆ ಗುಂಡಿ ಸಿಗದೆ ಸೋದರಬಂಧು ಸ್ನಾನದ ಮನೆಯ ಟೈಲ್ಸ್ ಚೂರಿನಿಂದ ಗುಂಡಿ ಮಾಡಿ ಹೊಲಿಯುತ್ತಾಳೆ. ಬಡತನ ಕಂಡವರೆಲ್ಲ ಬಡವರ ಪರ ನಿಲ್ಲುತ್ತಾರೆಂಬ ನಂಬಿಕೆಗೆ ಆ ಪುಸ್ತಕ ಒಳ್ಳೆಯ ಮದ್ದು.

ಇಲ್ಲಿ ಬರೆಯಲು ಕೂತವರಿಗೆ

ತುಮಕೂರು, ಚಿಕ್ಕಬಳ್ಳಾಪುರ ಕಡೆಯ ಹುಡುಗ ಹುಡುಗಿಯರು ಇಂಥ ಕತೆ ಬರೆಯಲು ಕೂತರೆ ಮೊದಲ ಪುಟದಲ್ಲೇ ‘ವಲಯ 7’, ‘ಮಹಾನಗರ’, ಊಟದ ಮಾತ್ರೆ ಬರುವ ಸಂಭವ ಹೆಚ್ಚು. ಅವನ್ನು ಹೊಡೆದು ಹಾಕಿ ಒಂದು ಸರಕನ್ನು ಹಿಡಿಯಿರಿ. ನೀರು ಎಂದುಕೊಳ್ಳಿ. ಪಾವಗಡ, ಬಾಗೇಪಲ್ಲಿ ಕಡೆ ಆಳದ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್. ಅದಕ್ಕೇ ಹಳ್ಳಿಗಳಲ್ಲಿ ಶುದ್ಧ ಕುಡಿಯುವ ನೀರಿನ ಘಟಕ. ಐದು ರೂಪಾಯಿ ನಾಣ್ಯ ಹಾಕಿದರೆ 20 ಲೀಟರಿನ ಕ್ಯಾನ್ ತುಂಬುತ್ತದೆ. ನಾಣ್ಯ ನುಂಗಿ ನೀರು ಕೊಡುವ ಪೆಟ್ಟಿಗೆ, ಇದಕ್ಕೆ ಕಲ್ಪನೆ ಸೇರಿಸಬೇಕಾದದ್ದು ಬಹಳ ಕಡಿಮೆ.

ಈಗ ಲೆಕ್ಕ ಹಾಕಿ. ಐದು ಜನರ ಮನೆಗೆ ಕುಡಿಯಲು, ಅಡುಗೆಗೆ ಒಂದು ಕ್ಯಾನ್ ಎಷ್ಟು ಹೊತ್ತು? ತಿಂಗಳಿಗೆ ಎಷ್ಟು ನಾಣ್ಯ, ಎಷ್ಟು ದಿನದ ಕೂಲಿಯಲ್ಲಿ ಅದು ಹುಟ್ಟುತ್ತದೆ? ಕ್ಯಾನ್ ಹೊರುವವರು ಯಾರು, ಅವರ ವಯಸ್ಸೆಷ್ಟು, ಶಾಲೆಯ ಮೊದಲ ಗಂಟೆಗೆ ಮುಟ್ಟುತ್ತಾರೋ ಇಲ್ಲವೋ? ಘಟಕದ ಬೀಗದ ಕೈ ಯಾವ ಬೀದಿಯ ಮನೆಯಲ್ಲಿದೆ? ಇಷ್ಟಕ್ಕೆ ಉತ್ತರ ಬರೆದಿಟ್ಟ ಮೇಲೆ ಕತೆಗೆ ಒಂದೇ ಒಂದು ಕಲ್ಪಿತ ನಿಯಮ ಸೇರಿಸಿ, ಎರಡು ಬೇಡ. ಉದಾಹರಣೆಗೆ, ನಾಣ್ಯ ಇಲ್ಲದವರು ನಾಣ್ಯದ ಬದಲು ಮುಂದಿನ ವರ್ಷದ ಒಂದು ದಿನದ ದುಡಿಮೆ ಬರೆದುಕೊಡಬಹುದು. ಆ ದಿನಗಳು ಕೂಡುತ್ತಾ ಹೋಗಲಿ, ತೀರದಿರಲಿ. 16ಕ್ಕೆ ನಿಮ್ಮ ನಾಯಕಿ ಎಷ್ಟು ದಿನ ಬರೆದುಕೊಟ್ಟಿದ್ದಾಳೆಂದು ಗುಣಿಸಿ ನೋಡಿ. ವರ್ಷಕ್ಕೆ 365 ದಿನ ಮೀರಿದರೆ ಕತೆ ಅಲ್ಲಿಂದ ಶುರು.

ಆಮೇಲೆ ಪೆಟ್ಟಿಗೆ ಕೆಡಲಿ, ಅದು ಹೇಗೂ ಕೆಡುತ್ತದೆ. ಫಿಲ್ಟರ್ ಕಟ್ಟಿಕೊಂಡಿದೆ, ರಿಪೇರಿಯವನು ಬರಲು ಇನ್ನೂ ಒಂಬತ್ತು ದಿನ. ಆ ಬೆಳಗ್ಗೆ ಬೈಕಿಗೆ ಎರಡು ಕ್ಯಾನ್ ಕಟ್ಟಿಕೊಂಡು ಪಕ್ಕದ ಊರಿಗೆ ಹೋದವರು ಯಾರು, ಅಲ್ಲಿ ಕ್ಯಾನಿಗೆ ಎಷ್ಟು ಕೇಳಿದರು, ತಿರುಗಿ ಬಂದು ಕೇರಿಯ ಮುಂದೆ ಬೈಕ್ ನಿಲ್ಲಿಸಿದರೋ ಇಲ್ಲವೋ, ಅಂದು ಯಾವ ಮನೆಯ ಮಗುವಿನ ಲೋಟಕ್ಕೆ ಬೋರ್‌ವೆಲ್ ನೀರೇ ಬಿತ್ತು ಎಂಬುದನ್ನು ಬೀದಿ ಹಿಡಿದು ಬರೆಯುತ್ತಾ ಹೋಗಿ.